ಟವೆಲ್ಲಿನ ಕೆಳಗಿನ ಕೈ

"ಕಳ್ಳ! ಕಳ್ಳ! ಅಪ್ಪಾ, ನಮ್ಮ ಗಂಟು ಹೊತ್ತಕೊಂಡು ಹೊಂಟಾನ ನೋಡ!"

ಮುಂಬಯಿಯ ವಿ.ಟಿ. ಸ್ಟೇಷನ್ನಿನ ಅಷ್ಟು ಗದ್ದಲದಲ್ಲೂ ಸುಂದರಾಳ ಕೂಗಿಗೆ ಹತ್ತು ಜನ ತಿರುಗಿ ನೋಡಿದರು. ಮಿರಜದಿಂದ ಹೊರಟ ರೈಲು ಬೆಳಿಗ್ಗೆ ಬಂದು ನಿಂತು ಇನ್ನೂ ಐದು ನಿಮಿಷ ಆಗಿರಲಿಲ್ಲ. ಅಪ್ಪ ಮಾಯಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಅವ್ವ ಸತ್ತೆವ್ವ ಕಾಲಿಗೆ ಚಪ್ಪಲಿ ಹುಡುಕುತ್ತಿದ್ದಳು. ಅಷ್ಟರಲ್ಲಿ ಖಾಕಿ ಪ್ಯಾಂಟಿನವನೊಬ್ಬ ಬಂದು, ಮಾತಿಲ್ಲ ಕತೆಯಿಲ್ಲ, ರೊಟ್ಟಿ ಕಟ್ಟಿದ ಗಂಟನ್ನು ಎತ್ತಿಯೇ ಬಿಟ್ಟಿದ್ದ!

ಏಕಸಂಬಿಯ ಹುಡುಗಿ ಸುಮ್ಮನಿರುತ್ತಾಳೆಯೇ? ಗಂಟಿನ ಇನ್ನೊಂದು ತುದಿ ಹಿಡಿದು ಜಗ್ಗಿದಳು. ಅವನು ಬಿಡಲಿಲ್ಲ. ಇವಳು ಬಗ್ಗಿ ಅವನ ಬಲಗೈಯನ್ನು ಕಚ್ಚಿಯೇ ಬಿಟ್ಟಳು.

"ಅಯ್ಯಯ್ಯೋ... ಯವ್ವಾ!"

ಕಳ್ಳ ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಚೀರಿದ.

"ಏ ಸುಂದರಾ, ಬಿಡ! ಬಿಡಬೇ!" ಸತ್ತೆವ್ವ ಒಂದೇ ಚಪ್ಪಲಿಯಲ್ಲಿ ಓಡಿ ಬಂದಳು. "ಅಂವ ನಮ್ಮ ಜ್ಞಾನದೇವ! ಅಲಖನೂರ ಅಣ್ಣನ ಮಗ, ನೀ ಸಣ್ಣಾಕಿದ್ದಾಗ ನೋಡಿದ್ದಿ. ನಮ್ಮನ್ನ ಕರಕೊಂಡು ಹೋಗಾಕ ಬಂದಾನ!"

ಸುಂದರಾಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಜ್ಞಾನದೇವ ಕೈ ನೋಡಿಕೊಂಡ. ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಗುರುತು ಸಾಲಾಗಿ ಮೂಡಿ ರಕ್ತ ಜಿನುಗುತ್ತಿತ್ತು. ಆಮೇಲೆ ಅವಳನ್ನು ನೋಡಿದ. ಬಯ್ಯುತ್ತಾನೆ ಎಂದುಕೊಂಡಳು. ಅವನು ನಕ್ಕ!

"ಮಾಮಾ, ನೀವು ಹಲ್ಲ ನೋಡಿ ಕುರಿ ವಯಸ್ಸು ಹೇಳತೀರಂತ. ಇವತ್ತ ನನಗ ಬಾಯಿ ತೆಗಸೂ ಕೆಲಸಾನೂ ಉಳೀತ ನೋಡ್ರಿ."

ಮಾಯಪ್ಪ ಮೀಸೆಯೊಳಗೇ ನಕ್ಕ. ಸುಂದರಾಳ ಕಿವಿ ಕೆಂಪಾದವು. ತಪ್ಪು ತನ್ನದೇ, 'ತಪ್ಪಾತರಿ' ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಈ ಮಾತು ಕೇಳಿ ಅದು ಒಳಗೆ ಹೋಯಿತು.

'ಕುರಿ ಅಂತ ಕುರಿ! ನಾ ಕುರಿ ಏನ?'

ಈ ಪ್ರವಾಸದ ಹಿಂದೆ ಒಂದು ಮಾತಿತ್ತು. ಸುಂದರಾ ಪಿಯುಸಿ ಪಾಸಾದರೆ ಮುಂಬಯಿ ತೋರಿಸುತ್ತೇನೆ ಎಂದು ಮಾಯಪ್ಪ ಹೇಳಿದ್ದ. ಅವನಿಗೆ ಎರಡೆಕರೆ ಹೊಲ, ಅರವತ್ತು ಕುರಿ. ಕುರಿಗಾರರ ಆ ವಸ್ತಿಯಲ್ಲಿ ಪಿಯುಸಿ ಪಾಸಾದ ಮೊದಲ ಹುಡುಗಿ ಇವಳೇ. ೧೯೯೧ರ ಮೇ ತಿಂಗಳು ಫಲಿತಾಂಶ ಬಂತು, ಮಾಯಪ್ಪ ಮಾತು ಉಳಿಸಿಕೊಂಡ. "ಹೆಣ್ಣ ಹುಡುಗಿಗೆ ಮುಂಬಯಿ ಯಾಕ?" ಎಂದು ಮೂಗು ಮುರಿದವರೇ ಹೆಚ್ಚು. ಅವರ ಗಂಡುಮಕ್ಕಳು ಎರಡು ಸಲ ಫೇಲಾಗಿ ಕಟ್ಟೆ ಮೇಲೆ ಕುಳಿತದ್ದು ಅವರಿಗೆ ಕಾಣುತ್ತಿರಲಿಲ್ಲ!

ಇನ್ನೊಂದು ವಿಷಯ ಈಗಲೇ ಹೇಳಬೇಕು. ಸುಂದರಾಳಿಗೆ ಗಂಡಸರ ಹೆಗಲ ಮೇಲಿನ ಟವೆಲ್ ಕಂಡರೆ ಆಗುತ್ತಿರಲಿಲ್ಲ. ನಗಬೇಡಿ, ಕಾರಣ ಇದೆ.

ಕುರಿ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿ, ಬೆರಳು ಹಿಚುಕಿ ಮಾತಾಡುತ್ತಾರೆ. ಎರಡು ಬೆರಳು ಹಿಡಿದರೆ ಎರಡು ನೂರು, ಮೂರು ಹಿಡಿದರೆ ಮೂರು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದು. ವ್ಯಾಪಾರ ಕುದುರಿದರೆ ಕೈ ಬಿಡುತ್ತಾರೆ, ಅಷ್ಟೇ.

ನಾಲ್ಕು ವರ್ಷದ ಹಿಂದೆ ಮಾಯಪ್ಪ ಅಥಣಿ ಕಡೆಯ ಸಂತೆಗೆ ಟಗರು ಹೊಡೆದುಕೊಂಡು ಹೋಗಿದ್ದ. ಐಗಳಿಯ ಒಬ್ಬ ಹಿರಿಯನ ಜೊತೆ ಟವೆಲ್ಲಿನ ಕೆಳಗೆ ಮಾತಾಯಿತು. ಸಂಜೆ ಮನೆಗೆ ಬಂದವನು, "ಟಗರೂ ಕುದರಿತು, ರಾಮವ್ವನ ಸಂಬಂಧಾನೂ ಕುದರಿತು" ಎಂದ. ಸುಂದರಾಳ ಅಕ್ಕ ರಾಮವ್ವ ಆಗ ರೊಟ್ಟಿ ಬಡಿಯುತ್ತಿದ್ದಳು. ಒಂದು ಗಳಿಗೆ ಅವಳ ಕೈ ನಿಂತಿತು, ಮತ್ತೆ ಬಡಿಯತೊಡಗಿತು. ಯಾರೂ ಅವಳನ್ನು ಕೇಳಲಿಲ್ಲ. ಒಂದು ಮಾತು! ಒಂದೇ ಒಂದು ಮಾತು ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ರಾಮವ್ವನ ಗಂಡ ಒಳ್ಳೆಯವನು, ನಿಜ. ಅದು ಅವಳ ದೈವ ಅಷ್ಟೇ, ಅಪ್ಪನ ದೊಡ್ಡಸ್ತಿಕೆ ಏನೂ ಅಲ್ಲ.

ಅಂದು ಹದಿನೈದರ ಸುಂದರಾ ಅಪ್ಪನ ಎದುರು ನಿಂತು ಹೇಳಿದ್ದಳು: "ನನ್ನ ಹಿಂಗ ಕೊಟ್ಟರ ನಾ ಅಕ್ಷತಾ ಬೀಳೂ ಹೊತ್ತಿನ್ಯಾಗ ಎದ್ದ ಹೋಗತೀನಿ, ಅಪ್ಪಾ!"

"ಆತವ್ವಾ. ನಿನ್ನ ಕೇಳದ ಕೊಡೂದಿಲ್ಲ. ಬೀರದೇವರಾಣಿ," ಎಂದಿದ್ದ ಮಾಯಪ್ಪ.

ಆ ಆಣೆಯನ್ನು ನಂಬಿಕೊಂಡೇ ಅವಳು ಪುಸ್ತಕ ಹಿಡಿದಿದ್ದಳು.

ಜ್ಞಾನದೇವ ಸಿಟಿ ಬಸ್ಸಿನ ಕಂಡಕ್ಟರ್. ಎರಡು ದಿನ ರಜೆ ಹಾಕಿದ್ದ. ಮೊದಲ ದಿನ ಡಬಲ್ ಡೆಕ್ಕರಿನ ಮೇಲಿನ ಮುಂದಿನ ಸೀಟು ಹಿಡಿದು ಕೊಟ್ಟ. ರಾಣಿ ಬಾಗಿನ ಮೃಗಾಲಯದಲ್ಲಿ ಹುಲಿ ತೋರಿಸಿದ. ಹುಲಿ ನೋಡಿದ ಮಾಯಪ್ಪ, "ಇದೇನ ಹುಲಿ! ಸೋಮಾರಿ ಅದ. ನಾ ದೊಣ್ಣಿ ತಗೊಂಡ ತೋಳ ಕೊಂದಾಂವ," ಎಂದು ಮೀಸೆ ತಿರುವಿದ. ನಿಜ, ಕೊಂದಿದ್ದ. ಅದನ್ನು ಹನ್ನೆರಡು ವರ್ಷದಿಂದ ಹೇಳುತ್ತಲೂ ಇದ್ದ.

ಮಧ್ಯಾಹ್ನ ಸಮುದ್ರದ ದಂಡೆಯ ಮೀನಿನ ಮನೆಗೆ ಹೋದರು. ಗಾಜಿನೊಳಗೆ ಹಳದಿ ಮೀನು, ಪಟ್ಟೆ ಮೀನು... ಸುಂದರಾ ಮೂಗು ಗಾಜಿಗೆ ಹಚ್ಚಿ ನಿಂತಿದ್ದಳು. ಜ್ಞಾನದೇವ ಪಕ್ಕಕ್ಕೆ ಬಂದು ನಿಂತ. ಕೈಗೆ ಕರವಸ್ತ್ರ ಕಟ್ಟಿಕೊಂಡಿದ್ದ.

"ಮುಂದ ಏನ ಮಾಡತಿ, ಸುಂದರಾ?"

"ಅಪ್ಪ ಏನಂತಾನೋ..."

"ಅಪ್ಪ ಅಲ್ಲ. ನಿನಗ ಏನ ಬೇಕ?"

ಅವಳು ಗಾಜಿನಿಂದ ಮುಖ ತಿರುಗಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ!

"ಟೀಚರ್ ಆಗಬೇಕು," ಅಂದಳು ಮೆಲ್ಲಗೆ. "ಚಿಕ್ಕೋಡ್ಯಾಗ ಟ್ರೇನಿಂಗ್ ಐತ್ರಿ. ಎರಡ ವರ್ಷ."

"ಆಗ ಮತ್ತ. ಕಚ್ಚೂ ಟೀಚರ್ ಅಂದ್ರ ಹುಡುಗರು ಚಲೋ ಓದತಾರ."

ಅವಳಿಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಅವನು "ಕಿಟಕಿ ಕಡೆ ಬೇಕೇನ?" ಎಂದು ಕೇಳಿದ. ಭೇಳ್ ಅಂಗಡಿಯಲ್ಲಿ "ಖಾರ ಬೇಕೋ, ಸಿಹಿ ಬೇಕೋ?" ಎಂದು ಕೇಳಿದ. ಪ್ರತಿಯೊಂದನ್ನೂ ಕೇಳುತ್ತಿದ್ದ. ಸುಂದರಾಳ ಎದೆಯಲ್ಲಿ ಏನೋ ಸುಮ್ಮಸುಮ್ಮನೆ ಹಗುರಾಗುತ್ತಿತ್ತು.

ಎರಡನೆಯ ದಿನ ಲಾಂಚಿನಲ್ಲಿ ಸಮುದ್ರದ ಖಾಡಿ ದಾಟಿ, ಹೊಸದಾಗಿ ಶುರುವಾಗಿದ್ದ ಆಟದ ಪಾರ್ಕಿಗೆ ಹೋದರು. ಲಾಂಚ್ ಹತ್ತುವ ಮುಂಚೆ ಜ್ಞಾನದೇವ ಕವಡೆ ಅಂಟಿಸಿದ ಒಂದು ಪುಟ್ಟ ಡಬ್ಬಿ ಕೊಂಡು, "ತಗೋತಿಯೇನ?" ಎಂದು ಕೇಳಿಯೇ ಕೊಟ್ಟ. ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ಪಾರ್ಕಿನ ನಡುವೆ ಆಕಾಶದೆತ್ತರದ ತಿರುಗು ತೊಟ್ಟಿಲು!

"ಮಾಮಾ, ನೀವು ಕೆಳಗ ಕುಂದರ್ತೀರೇನ?" ಜ್ಞಾನದೇವ ಕೇಳಿದ.

"ಯಾಕ? ತೋಳ ಕೊಂದಾಂವಗ ತೊಟ್ಟಲಾ ಏನ ಮಾಡತೈತಿ?" ಮಾಯಪ್ಪ ಎಲ್ಲರಿಗಿಂತ ಮೊದಲು ಏರಿ ಕುಳಿತ.

ಒಂದು ಕಡೆ ಮಾಯಪ್ಪ, ಜ್ಞಾನದೇವ. ಎದುರಿಗೆ ಸತ್ತೆವ್ವ, ಸುಂದರಾ. ತೊಟ್ಟಿಲು ಮೇಲೇರಿತು. ಸತ್ತೆವ್ವ ಕಣ್ಣು ಮುಚ್ಚಿ ಕಂಬಿ ಅವುಚಿಕೊಂಡಳು. ಸುಂದರಾ ಮಾತ್ರ ಕಣ್ಣು ಅರಳಿಸಿ ನೋಡಿದಳು... ನೀರು, ನೀರು, ಎಲ್ಲಿ ನೋಡಿದರೂ ನೀರು! ಅದರಾಚೆ ಇಡೀ ಮುಂಬಯಿ! ಗಾಳಿಗೆ ಜಡೆ ಹಾರುತ್ತಿತ್ತು. ಎದುರಿಗೆ ನೋಡಿದರೆ ಜ್ಞಾನದೇವ ಅವಳನ್ನೇ ನೋಡುತ್ತಿದ್ದ.

'ಇಂವ ನನ್ನ ಕೇಳಿದರ... ನಾ ಹೂಂ ಅಂದೇನು!'

ಹಾಗೆಂದುಕೊಂಡು ನಾಚಿ ಕಣ್ಣು ಕೆಳಗಿಳಿಸಿದಳು.

ಅಪ್ಪ ಮತ್ತು ಜ್ಞಾನದೇವನ ನಡುವೆ ಅಪ್ಪನ ಟವೆಲ್ ಹರವಿಕೊಂಡಿತ್ತು. ಅದರ ಕೆಳಗೆ ಎರಡು ಕೈ! ಬಟ್ಟೆಯಡಿ ಬೆರಳುಗಳು ಬಿಗಿಯಾಗುತ್ತಿದ್ದವು, ಸಡಿಲಾಗುತ್ತಿದ್ದವು, ಮತ್ತೆ ಬಿಗಿಯಾಗುತ್ತಿದ್ದವು. ಅಪ್ಪ ನೆಟ್ಟಗೆ ಮುಂದೆ ನೋಡುತ್ತಿದ್ದ. ತುಟಿ ಮಾತ್ರ ಅಲುಗುತ್ತಿತ್ತು, ಲೆಕ್ಕ ಎಣಿಸುವವನ ಹಾಗೆ.

ಅವಳ ಮೈ ಉರಿದುಹೋಯಿತು.

ಬೀರದೇವರಾಣಿ! ಇದೇನಾ ಆಣೆ? ಹಾಗಾದರೆ ಪಾಸಾದ ಬಹುಮಾನ ಅಂದದ್ದು ಸುಳ್ಳು. ಮುಂಬಯಿ ಸುಳ್ಳು, ಮೀನು ಸುಳ್ಳು. ಅವಳನ್ನು ಇಲ್ಲಿಗೆ ತೋರಿಸಲು ತಂದಿದ್ದಾರೆ! ಮತ್ತೆ ಇವನು... 'ನಿನಗ ಏನ ಬೇಕ' ಎಂದು ಬಣ್ಣದ ಮಾತಾಡಿದವನು, ಅವಳ ಕಣ್ಣೆದುರೇ ಬೆರಳು ಹಿಚುಕಿ ವ್ಯಾಪಾರ ಮಾಡುತ್ತಿದ್ದಾನೆ!

ತೊಟ್ಟಿಲು ಇಳಿಯಿತು. ನಾಲ್ಕು ಹೆಜ್ಜೆ ನಡೆದು ಸುಂದರಾ ಗಕ್ಕನೆ ನಿಂತಳು.

"ಎಷ್ಟಕ್ಕ ಕುದರಿತ್ರಿ?"

"ಏನ?" ಜ್ಞಾನದೇವ ಕಣ್ಣು ಪಿಳುಕಿಸಿದ.

"ಟವೆಲ್ಲಿನ ಕೆಳಗ ಎಷ್ಟಕ್ಕ ಕುದರಿತು ಅಂತ ಕೇಳಾಕತ್ತೇನಿ! ಸ್ಟೇಷನ್ನಾಗ ಹಲ್ಲ ನೋಡಿದ್ರಿ. ಎರಡ ದಿವಸ ಊರ ತುಂಬ ಅಡ್ಡಾಡಿಸಿ ನಡಿಗೀನೂ ನೋಡಿದ್ರಿ. ಇನ್ನೇನ ಉಳದೈತಿ? ಉಣ್ಣಿ ಕತ್ತರಸೂದೊಂದು!"

ಅವನಿಗೆ ಈಗ ಅರ್ಥವಾಯಿತು. ಮುಖ ಬಿಳಿಚಿತು. ಅವನು ಮಾಯಪ್ಪನ ಕಡೆ ನೋಡಿದ. ಮಾಯಪ್ಪನ ಕಣ್ಣು ಅವನನ್ನು ಬೇಡಿಕೊಳ್ಳುತ್ತಿದ್ದವು.

"ಸುಂದರಾ, ಅದು ಹಂಗಲ್ಲ."

"ಹಂಗಲ್ಲಂದ್ರ ಹೆಂಗ? ಹೇಳ್ರಿ!"

"...ಹೇಳಾಕ ಬರೂದಿಲ್ಲ. ಮಾತ ಕೊಟ್ಟೇನಿ."

"ಮಾತ ಕೊಟ್ಟಾರಂತ! ಯಾರಿಗೆ? ನಮ್ಮಪ್ಪಗ! ನನಗ ಮಾತ ಕೊಡವರು ಯಾರೂ ಇಲ್ಲೇನ?"

"ಬೇ, ಬಾಯಿ ಮುಚ್ಚ. ಮಂದಿ ನೋಡಾಕತ್ತಾರ," ಸತ್ತೆವ್ವ ಕೈ ಹಿಡಿದು ಜಗ್ಗಿದಳು.

"ನೋಡ್ಲಿ! ಆಟ ನೋಡಾಕಂತನ ಬಂದಾರಲ್ಲ, ಇದನ್ನೂ ನೋಡ್ಲಿ!"

ಸುಂದರಾ ಸೆರಗಿನ ಗಂಟು ಬಿಚ್ಚಿದಳು. ಕವಡೆಯ ಡಬ್ಬಿಯನ್ನು ಅವನ ಕೈಯಲ್ಲಿಟ್ಟಳು, ಕರವಸ್ತ್ರ ಕಟ್ಟಿದ ಅದೇ ಕೈಯಲ್ಲಿ.

"ಮುಂಗಡ ಕೊಟ್ಟ ಸಂಚಗಾರ ತಿರಗಿ ತಗೋರಿ. ಮಾಲು ನಿಮಗ ಸಿಗೂದಿಲ್ಲ."

ಆ ಹೊತ್ತಿಗೆ ಮಾಯಪ್ಪನ ಬಾಯಲ್ಲಿ ಒಂದೇ ಒಂದು ಮಾತಿತ್ತು. ಅದನ್ನು ಆಡಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಆಡಲಿಲ್ಲ. ಈ ಗಂಡಸರ ಮೀಸೆಗೊಂದಿಷ್ಟು ಬೆಂಕಿ ಹಾಕ! ಮಗಳು ಉರಿದು ಬೂದಿಯಾದರೂ ಸರಿ, ಮೀಸೆ ಮಾತ್ರ ಕೊಂಕಬಾರದು!

ಊರಿಗೆ ಬಂದ ಮೇಲೆ ಸುಂದರಾ ಅಪ್ಪನ ಜೊತೆ ಮಾತು ಬಿಟ್ಟಳು. ತಾಟು ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಮಾತಿಲ್ಲ. ಮಾಯಪ್ಪ "ಸುಂದರಾ" ಎಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಜೂನ್ ಹೀಗೇ ಕಳೆಯಿತು.

ಅವಳಿಗೆ ತನ್ನ ಮೇಲೂ ಸಿಟ್ಟಿತ್ತು. ಯಾಕೆಂದರೆ ಕೊಟ್ಟಿಗೆ ಗುಡಿಸುವಾಗ, ಹಾಲು ಕಾಸುವಾಗ, ಆ ಮಾತು ಸುಮ್ಮನೆ ಬಂದು ಕಿವಿಯಲ್ಲಿ ಕೂರುತ್ತಿತ್ತು. 'ನಿನಗ ಏನ ಬೇಕ?' ಹಾಳಾದವನು! ಕೇಳುವುದನ್ನು ಅಷ್ಟು ಚೆನ್ನಾಗಿ ಯಾಕೆ ಕೇಳಬೇಕಿತ್ತು?

ಜುಲೈ ತಿಂಗಳ ಒಂದು ಜಡಿಮಳೆಯ ದಿನ ಮಾಯಪ್ಪ ನೀಲಿ ಇನ್‌ಲ್ಯಾಂಡ್ ಪತ್ರ ಹಿಡಿದು ಬಾಗಿಲಲ್ಲಿ ನಿಂತ. ಅವನಿಗೆ ಓದು ಬಾರದು. ಮನೆಗೆ ಬಂದ ಪತ್ರವನ್ನೆಲ್ಲ ಓದಿ ಹೇಳುವವಳು ಸುಂದರಾಳೇ.

"ಓದವ್ವಾ."

"ಪೋಸ್ಟಮನ್ನನ ಕಡಿಂದ ಓದಸ್ಕೊ." ಎರಡು ತಿಂಗಳಲ್ಲಿ ಅವಳು ಆಡಿದ ಮೊದಲ ಮಾತು.

"ಅಂವ ಊರ ತುಂಬ ಡಂಗುರಾ ಸಾರತಾನ. ನೀನ ಓದ."

ಕಿತ್ತುಕೊಂಡು ಒಡೆದಳು. ಕಳಿಸಿದವನ ಹೆಸರು ಜ್ಞಾನದೇವ! ಆದರೂ ಗಡಸು ದನಿಯಲ್ಲೇ ಓದಿದಳು.

"ಮಾಮಾ ಹಾಗೂ ಅತ್ತಿಯವರಿಗೆ ಜ್ಞಾನದೇವ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಕೈ ಮಾಯ್ದಿದೆ, ಕಲೆ ಉಳಿದಿದೆ. ಅಪ್ಪ ನನಗೆ ಬೇರೆ ಕಡೆ ಹೆಣ್ಣು ನೋಡಿದ್ದರು, ಬೇಡವೆಂದೆ. ಹಾಗಂತ ಸುಂದರಾಳನ್ನು ಕೊಡಿರಿ ಎಂದು ನಾನು ನಿಮ್ಮನ್ನು ಕೇಳುವುದಿಲ್ಲ. ಆಕೆಯನ್ನು ಬಿಟ್ಟು ನಿಮ್ಮನ್ನು ಕೇಳಿದರೆ ಆಕೆ ಬೈದದ್ದೆಲ್ಲ ಖರೆ ಆಗುತ್ತದೆ..."

ಅವಳ ದನಿ ತುಸು ತಗ್ಗಿತು.

"ಆಕೆಯ ಟ್ರೇನಿಂಗಿನ ಅರ್ಜಿ ತುಂಬಿಸಿರಿ, ತಡ ಮಾಡಬೇಡಿರಿ. ತೊಟ್ಟಿಲಿನ ಮಾತು ನನ್ನ ಹತ್ತಿರವೇ ಇರುತ್ತದೆ, ಚಿಂತೆ ಬೇಡ. ಆಕೆಯ ಸಿಟ್ಟು ನನ್ನ ಮೇಲೆ ಇರಲಿ, ನಿಮ್ಮ ಮೇಲೆ ಬೇಡ. ನಾನು ದೂರ ಇರುವವನು, ತಾಳಿಕೊಳ್ಳುತ್ತೇನೆ. ಮಗಳು ಮನೆಯಲ್ಲೇ ಇದ್ದು ಮಾತು ಬಿಟ್ಟರೆ ನಿಮಗೆ ತಾಳಲಿಕ್ಕೆ ಆಗುವುದಿಲ್ಲ. ಗಣಪತಿ ಹಬ್ಬಕ್ಕೆ ಊರಿಗೆ ಬರುತ್ತೇನೆ..."

ಮುಂದೆ ಓದಲಾಗಲಿಲ್ಲ. "ತೊಟ್ಟಲದಾಗಿನ ಮಾತು ಯಾವುದು?"

ಮಾಯಪ್ಪ ಕಂಬಕ್ಕೆ ಒರಗಿ ಕುಸಿದು ಕುಳಿತ.

"ನಾ ಅಂಜಿದ್ನಿ, ಸುಂದರಾ."

"ಏನ?"

"ಆ ತೊಟ್ಟಲದಾಗ... ಅಂಜಿದ್ನಿ. ಮ್ಯಾಲ ಹೋದಂಗ ಕಾಲ ಕೆಳಗಿನ ನೆಲಾನ ಹೋತು. ಕೈ ಗಡಗಡ ನಡಗಾಕತ್ತಿದ್ದು. ಹುಡುಗ ನೋಡಿದ. ನಗಲಿಲ್ಲ, ಏನೂ ಅನ್ನಲಿಲ್ಲ. ಸುಮ್ಮ ನನ್ನ ಕೈ ಹಿಡಕೊಂಡ. ನಿಮಗ ಕಾಣಬಾರದಂತ ನಾನ ಮ್ಯಾಲ ಟವೆಲ್ ಹಾಕಿದ್ನಿ. ಇಳಿಯೂ ಮೊದಲ 'ಯಾರ ಮುಂದೂ ಹೇಳಬ್ಯಾಡಪಾ' ಅಂತ ಮಾತ ತಗೊಂಡ್ನಿ."

"ಮತ್ತ ತುಟಿ ಅಳ್ಳಾಡತಿದ್ದು? ಲೆಕ್ಕಾ..."

"ಎಲ್ಲಿ ಲೆಕ್ಕಾ, ಯವ್ವಾ? ಬೀರದೇವರ ಹೆಸರ ಹೇಳಾಕತ್ತಿದ್ನಿ."

ಒಲೆಯ ಮುಂದಿದ್ದ ಸತ್ತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಂದರಾಳಿಗೆ ನಗು ಬರಲಿಲ್ಲ. ಸಿಟ್ಟು ಇನ್ನೂ ಏರಿತು!

"ಅಷ್ಟ ಮಂದ್ಯಾಗ ನಾ ಆ ಮನಷ್ಯಾನ್ನ ಕುರಿ ದಲ್ಲಾಳಿ ಮಾಡಿದ್ನೆಲ್ಲೋ ಅಪ್ಪಾ! ಅಂವ ನಿನ್ನ ಮಾನಾ ಕಾಯಾಕ ನನ್ನ ಬೈಗಳಾ ತಿಂದ. ನೀ ನಿಂತ ನೋಡಿದಿ! ಒಂದ ಮಾತ ಅಂದಿದ್ದರ ಮೀಸಿ ಮಣ್ಣಾಗತಿತ್ತೇನ?"

"ಬಾಯಿ ಬಿಟ್ಟರ ಬಣ್ಣಗೇಡು ಅಂತ ಸುಮ್ಮ ಆದ್ನಿ." ಮಾಯಪ್ಪ ತಲೆ ಎತ್ತಲಿಲ್ಲ. "ಮತ್ತ... ನೀ ಬೈದದ್ದು ಆ ಹುಡುಗನ ವಿಷಯದಾಗ ತಪ್ಪಿರಬೇಕು. ರಾಮವ್ವನ ವಿಷಯದಾಗ ತಪ್ಪಲ್ಲ. ಆಕಿನ್ನ ನಾ ಕೇಳಲಿಲ್ಲ. ನೀ 'ಟವೆಲ್' ಅಂದಕೂಡಲೆ ಆಕಿ ರೊಟ್ಟಿ ಬಡಿಯೂದು ಕಣ್ಣ ಮುಂದ ಬಂತು. ಅದಕ ನನ್ನ ಬಾಯಿ ಏಳಲಿಲ್ಲವ್ವಾ."

ತೋಳ ಕೊಂದವನ ಕಣ್ಣಲ್ಲಿ ನೀರು ಕಂಡು ಸುಂದರಾ ದಂಗಾದಳು. ಬಂದು ಪಕ್ಕದಲ್ಲಿ ಕುಳಿತಳು. ಅಪ್ಪನ ಕೈ ಹಿಡಿದುಕೊಂಡಳು, ಮೇಲೆ ಟವೆಲ್ ಇಲ್ಲದೆ.

"ಇದನ್ನ ಅಕ್ಕಗ ಹೇಳ."

ಮರುದಿನ ಮಾಯಪ್ಪ ಐಗಳಿಗೆ ಹೋಗಿ ಬಂದ. ಅಲ್ಲಿ ಏನಾಯಿತೆಂದು ಹೇಳಲಿಲ್ಲ. ರಾಮವ್ವ ಕಳಿಸಿದ ಶೇಂಗಾ ಹೋಳಿಗೆಯ ಗಂಟನ್ನು ಸುಂದರಾಳ ಮುಂದಿಟ್ಟ, ಅಷ್ಟೇ. ಮುಂದಿನ ವಾರ ಅವಳ ಜೊತೆ ಚಿಕ್ಕೋಡಿಗೆ ಹೋಗಿ ಟ್ರೇನಿಂಗಿನ ಅರ್ಜಿಗೆ ಹೆಬ್ಬೆಟ್ಟು ಒತ್ತಿದ.

ಗಣಪತಿ ಹಬ್ಬದ ಹಿಂದಿನ ದಿನ, ಮಧ್ಯಾಹ್ನ. ರಾಯಬಾಗ ಸ್ಟೇಷನ್.

ಜ್ಞಾನದೇವ ರೈಲಿನಿಂದಿಳಿದು ಚೀಲ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಯಾರೋ ಬಂದು, ಮಾತಿಲ್ಲ ಕತೆಯಿಲ್ಲ, ಚೀಲ ಎತ್ತಿಕೊಂಡು ನಡೆದೇಬಿಟ್ಟರು!

"ಏ! ಏ! ಕಳ್..." ಎಂದವನು ಅಲ್ಲೇ ನಿಂತ.

ಸುಂದರಾ ತಿರುಗಿ ನೋಡಿದಳು. "ಕಚ್ಚೂದಿದ್ದರ ಕಚ್ಚರಿ. ಲೆಕ್ಕಾ ಚುಕ್ತಾ ಆಗಲಿ."

ದೂರದಲ್ಲಿ ಮಾಯಪ್ಪ ಕೆಮ್ಮಿದ. "ನಾ ಚಾ ಕುಡದ ಬರತೇನಪಾ," ಎಂದು ಇತ್ತ ನೋಡದೆ ಹೊರಟ.

"ಅಪ್ಪಾ, ನಿಂದ್ರ!" ಸುಂದರಾ ಓಡಿ ಹೋಗಿ ಅವನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು ಬಂದಳು. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಇಬ್ಬರೂ ಕುಳಿತರು, ನಡುವೆ ಚೀಲ ಇಟ್ಟುಕೊಂಡು.

"ಅಪ್ಪ ಎಲ್ಲಾ ಹೇಳ್ಯಾನ. ತಪ್ಪಾತರಿ."

"ಯಾವುದು? ಕಚ್ಚಿದ್ದೋ, ಬೈದದ್ದೋ?"

"ಬೈದದ್ದು. ಕಚ್ಚಿದ್ದು ನಿಮ್ಮದ ತಪ್ಪು. ಹೇಳದ ಕೇಳದ ಮಂದಿ ಗಂಟ ಎತ್ತಬಾರದು."

"ಖರೆ. ಅದಕ್ಕ ಈ ಸಲ ಕೇಳಾಕ ಬಂದೇನಿ." ಕಿಸೆಯಿಂದ ಕವಡೆಯ ಡಬ್ಬಿ ತೆಗೆದು ಅಂಗೈಯಲ್ಲಿ ಹಿಡಿದ. "ಸುಂದರಾ, ನನ್ನ ಲಗ್ನ ಆಗತಿಯೇನ? ಬ್ಯಾಡಾದ್ರ ಬ್ಯಾಡ ಅನ್ನು. ನನಗ ಏನೂ..."

ಅವನ ಮಾತು ಮುಗಿಯಲಿಲ್ಲ. ಸುಂದರಾ ಡಬ್ಬಿ ತೆಗೆದುಕೊಂಡಳು. ಚೀಲದ ಮೇಲೆ ಅವನ ಕೈ ಎಳೆದಿಟ್ಟು ತನ್ನ ಕೈ ಸೇರಿಸಿ, ಮೇಲೆ ಅಪ್ಪನ ಟವೆಲ್ ಹೊದಿಸಿದಳು. ಹಾಡುಹಗಲು, ಸ್ಟೇಷನ್ನಿನ ಮಂದಿಯೆಲ್ಲ ನೋಡುತ್ತಿದ್ದರು! ಬಟ್ಟೆಯ ಕೆಳಗೆ ಅವಳ ಬೆರಳಿಗೆ ಹಲ್ಲಿನ ಕಲೆ ಸಿಕ್ಕಿತು. ಅದನ್ನು ಒಮ್ಮೆ ಸವರಿದಳು. ಆಮೇಲೆ ಅವನ ಎರಡು ಬೆರಳು ಗಟ್ಟಿಯಾಗಿ ಹಿಡಿದಳು.

"ಎರಡ... ಏನ ಎರಡ?" ಅವನು ಟವೆಲ್ಲಿನತ್ತ ಬಗ್ಗಿದ.

"ಎರಡ ವರ್ಷ. ಟ್ರೇನಿಂಗ್ ಮುಗೀಬೇಕು. ಕಾಯಾಕ ಆಗತೈತೇನ್ರಿ?"

ಅವನು ಅವಳ ಕೈಯನ್ನು ಪೂರ್ತಿ ಮುಷ್ಟಿಯೊಳಗೆ ಹಿಡಿದ. ಸುಂದರಾಳ ಕಣ್ಣು ತುಂಬಿ ಬಂದವು.

ಚಹಾ ಅಂಗಡಿಯಿಂದ ಮಾಯಪ್ಪ ತಡೆಯಲಾರದೆ ಕೂಗಿದ: "ಏನವ್ವಾ, ಕುದರಿತೇನ?"

"ಕುದರಿತ್ರಿ, ಮಾಮಾ!" ಎಂದ ಜ್ಞಾನದೇವ. ಆಮೇಲೆ ಅವಳಿಗಷ್ಟೇ ಕೇಳುವಂತೆ ನಕ್ಕು ಹೇಳಿದ, "ಸಂತ್ಯಾಗ ಕುದರಿದ ಮ್ಯಾಲ ಕೈ ಬಿಡತಾರ, ಸುಂದರಾ."

"ವ್ಯಾಪಾರ ಆದ್ರ ಬಿಡತಾರರಿ," ಎಂದಳು ಅವಳು. "ನಾ ಬಿಡೂದಿಲ್ಲ."